ಹವ್ಯಾಸಕ್ಕೆ ಕೂಲಿ ಕಟ್ಟಿದ ಬಗೆ

ಹಳೆಯ ಕೀ ವಾಚುಗಳನ್ನು ಬಿಚ್ಚಿ, ತೊಳೆದು, ಎಣ್ಣೆ ಹಾಕಿ ಮತ್ತೆ ಜೋಡಿಸುವ ಕೆಲಸವನ್ನು ನಾನು ಒಂಬತ್ತು ವರ್ಷಗಳಿಂದ ಮಾಡುತ್ತಿದ್ದೇನೆ. ಅದರಿಂದ ಹಣ ಬರತೊಡಗಿ ಮೂರು ವರ್ಷಗಳಾದವು. ಇಂಥದೊಂದು ಗೀಳು ಹೇಗೆ ಹತ್ತಿತೆಂದು ತುಮಕೂರಿನವರಿಗೆ ವಿವರಿಸಬೇಕಾಗಿಲ್ಲ. 1978ರಲ್ಲಿ ಇಲ್ಲಿ ಆರಂಭವಾದ ಎಚ್‌ಎಂಟಿ ವಾಚ್ ಕಾರ್ಖಾನೆ ಊರಿನ ಎಷ್ಟೋ ಮನೆಗಳ ಒಲೆ ಉರಿಸಿತ್ತು. 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ತೀರ್ಮಾನಿಸಿತು. ಇಲ್ಲಿನ ಕಾರ್ಖಾನೆಯ ಜಾಗ ಮುಂದೆ ಇಸ್ರೋಗೆ ಹೋಯಿತು. ನನಗೆ ಚಿಮಟ ಹಿಡಿಯುವುದನ್ನು ಕಲಿಸಿದವರು ಆ ಕಾರ್ಖಾನೆಯ ಜೋಡಣಾ ವಿಭಾಗದಲ್ಲಿ ದುಡಿದು ಬಂದ, ನಮ್ಮ ಬೀದಿಯ ಹಿರಿಯ ಮಹಿಳೆಯೊಬ್ಬರು. ತಿರುಪನ್ನು ಕಣ್ಣಿನಿಂದಲ್ಲ, ಬೆರಳಿನಿಂದ ನೋಡಬೇಕು ಎಂದು ಅವರು ಹೇಳುತ್ತಿದ್ದರು. ಅದರ ಅರ್ಥ ತಿಳಿಯಲು ನನಗೆ ಎರಡು ವರ್ಷ ಬೇಕಾಯಿತು.

ಎಚ್‌ಎಂಟಿಯ ಜನತಾ, ಪೈಲಟ್ ಮುಂತಾದ ವಾಚುಗಳೊಳಗೆ ಇರುವುದು 17 ಕಲ್ಲುಗಳ, ಅಂದರೆ ಸವೆತ ತಡೆಯಲು ಕೂರಿಸಿದ ಪುಟ್ಟ ಹರಳುಗಳ ಯಂತ್ರ. ಹಿಂದೆ ಮುಂದೆ ತೂಗುತ್ತ ವಾಚಿನ ಲಯ ಹಿಡಿಯುವ ಅದರ ಬ್ಯಾಲೆನ್ಸ್ ಚಕ್ರ ಸೆಕೆಂಡಿಗೆ ಐದು ಬಾರಿ, ಅಂದರೆ ದಿನಕ್ಕೆ 4,32,000 ಬಾರಿ ಬಡಿಯುತ್ತದೆ. ದಿನಕ್ಕೆ ಇಪ್ಪತ್ತು ಸೆಕೆಂಡು ಹಿಂದೆ ಬೀಳುವ ವಾಚು ಎಂದರೆ ಅಷ್ಟು ಬಡಿತಗಳಲ್ಲಿ ನೂರು ಬಡಿತ ತಪ್ಪಿದ ವಾಚು. ಹಳೆಯ ಯಂತ್ರಕ್ಕೆ ಅದು ಗೌರವದ ಫಲಿತಾಂಶವೇ. ಹವ್ಯಾಸವಾಗಿದ್ದಾಗ ಆ ಇಪ್ಪತ್ತನ್ನು ಹತ್ತಕ್ಕೆ ಇಳಿಸಲು ನಾನು ಒಂದು ಭಾನುವಾರವನ್ನು ಪೂರ್ತಿಯಾಗಿ ಕಳೆಯುತ್ತಿದ್ದೆ. ಹಣ ಪಡೆಯತೊಡಗಿದ ಮೇಲೆ ಆ ಭಾನುವಾರಕ್ಕೆ ಯಾರು ಬೆಲೆ ಕೊಡುತ್ತಾರೆ ಎಂಬ ಪ್ರಶ್ನೆ ಎದುರಾಯಿತು.

ಮೊದಲ ವರ್ಷ ನಾನು ಹಳೆಯ ವಾಚುಗಳನ್ನು ಕೊಂಡು, ಸರಿಪಡಿಸಿ ಮಾರುತ್ತಿದ್ದೆ. 600 ರೂಪಾಯಿಗೆ ಕೊಂಡ ವಾಚನ್ನು 1,600ಕ್ಕೆ ಮಾರಿದಾಗ ಸಾವಿರ ರೂಪಾಯಿ ಗಳಿಸಿದೆನೆಂದೇ ನಂಬಿದ್ದೆ. ಮನೆಯವರು ಒಂದು ರಾತ್ರಿ ನೋಟುಬುಕ್ಕು ಹಿಡಿದು ಕುಳಿತು ಬಿಡಿಭಾಗ ಮತ್ತು ಗಾಜಿಗೆ 250, ಡಬ್ಬಿ ಮತ್ತು ಅಂಚೆಗೆ 100 ಎಂದು ಬರೆದರು, ಉಳಿದದ್ದು 650. ಬಿಚ್ಚುವುದು, ತೊಳೆಯುವುದು, ಫೋಟೊ ತೆಗೆಯುವುದು, ಕೊಳ್ಳುವವರ ಪ್ರಶ್ನೆಗಳಿಗೆ ಉತ್ತರಿಸುವುದು ಎಲ್ಲ ಸೇರಿ ಆರು ಗಂಟೆ ಹಿಡಿದಿತ್ತು. ಗಂಟೆಗೆ ನೂರೆಂಟು ರೂಪಾಯಿ. ಮಾರಾಟವಾಗದೆ ಪೆಟ್ಟಿಗೆಯಲ್ಲಿ ಉಳಿದ ಹನ್ನೊಂದು ವಾಚುಗಳಲ್ಲಿ ಸಿಕ್ಕಿಕೊಂಡ ಹಣ ಈ ಲೆಕ್ಕದಲ್ಲಿ ಸೇರಿರಲಿಲ್ಲ.

ಅದೇ ವರ್ಷ ನನ್ನನ್ನು ಹೆಚ್ಚು ನೋಯಿಸಿದ ಇನ್ನೊಂದು ಘಟನೆ ನಡೆಯಿತು. ಅಂಗಡಿಯೊಂದರಲ್ಲಿ ಅಸಲಿ ಎಂಬ ಮಾತಿನ ಮೇಲೆ ಕೊಂಡ ಕಪ್ಪು ಡಯಲ್‌ನ ಪೈಲಟ್ ಒಂದನ್ನು ನಾನು ಹಾಗೆಯೇ ಅಸಲಿ ಎಂದು ಹಾಸನದ ಒಬ್ಬರಿಗೆ ಮಾರಿದೆ. ಯಂತ್ರ ಅಸಲಿಯೇ ಆಗಿತ್ತು, ಆದರೆ ಡಯಲ್‌ಗೆ ಹೊಸದಾಗಿ ಬಣ್ಣ ಬಳಿದು ಅಕ್ಷರಗಳನ್ನು ಮತ್ತೆ ಅಚ್ಚು ಹಾಕಲಾಗಿತ್ತು. ಲೆನ್ಸ್ ಕೆಳಗೆ ನೋಡಿದರೆ ಅಂಥ ಅಕ್ಷರಗಳ ಅಂಚು ಉಬ್ಬಿ ಹರಡಿಕೊಂಡಿರುತ್ತದೆ, ನಿಮಿಷದ ಗೆರೆಗಳು ಅಂಕಿಗಳ ನೇರಕ್ಕೆ ಬಂದಿರುವುದಿಲ್ಲ. ಯಂತ್ರದ ಮೇಲಷ್ಟೇ ಕಣ್ಣಿಟ್ಟಿದ್ದ ನಾನು ಇದನ್ನು ಗಮನಿಸಿರಲಿಲ್ಲ. ಕೊಂಡವರು ಸಿಟ್ಟಿಲ್ಲದೆ, ವಿನಯದಿಂದಲೇ ಬರೆದು ತಿಳಿಸಿದರು. ಪೂರ್ತಿ ಹಣವನ್ನೂ ಅಂಚೆ ವೆಚ್ಚವನ್ನೂ ಹಿಂದಿರುಗಿಸಿದೆ. ಮರುಬಣ್ಣದ ಡಯಲ್ ಇರುವುದು ತಪ್ಪೆಂದು ನಾನು ಭಾವಿಸುವುದಿಲ್ಲ, ಅದನ್ನು ಹೇಳದೆ ಮಾರುವುದು ಮಾತ್ರ ತಪ್ಪು. ಅಂದಿನಿಂದ ಡಯಲ್, ಮುಳ್ಳು, ಕೇಸು, ಯಂತ್ರ ಇವುಗಳಲ್ಲಿ ಯಾವುದು ಮೂಲದ್ದು, ಯಾವುದು ಬದಲಾದದ್ದು ಎಂದು ಪ್ರತಿ ವಾಚಿನ ಜೊತೆ ಕೈಬರಹದ ಚೀಟಿ ಇಡುತ್ತೇನೆ.

ಎರಡನೆಯ ವರ್ಷದಿಂದ ಕೊಂಡು ಮಾರುವುದನ್ನು ಕಡಿಮೆ ಮಾಡಿ, ಜನರ ಮನೆಯ ಡ್ರಾಯರಿನಲ್ಲಿ ನಿಂತುಹೋಗಿರುವ ವಾಚುಗಳ ಸರ್ವಿಸ್ ಕೆಲಸವನ್ನು ಹೆಚ್ಚಿಸಿಕೊಂಡೆ. ಮೂರು ಗಂಟೆಯ ಕೆಲಸಕ್ಕೆ 700 ರೂಪಾಯಿ, ಬಿಡಿಭಾಗದ ಬೆಲೆ ಬೇರೆ. ಬಂಡವಾಳ ಸಿಕ್ಕಿಕೊಳ್ಳುವುದಿಲ್ಲ. ತೆರಿಗೆಯ ದೃಷ್ಟಿಯಿಂದಲೂ ಇದೇ ಸರಳ: ರಿಪೇರಿ ಎಂಬುದು ಸೇವೆಯಾದ್ದರಿಂದ ವರ್ಷಕ್ಕೆ 20 ಲಕ್ಷದ ಒಳಗಿನ ವಹಿವಾಟಿಗೆ ಜಿಎಸ್‌ಟಿ ನೋಂದಣಿ ಬೇಡ, ಆದರೆ ಸರಕನ್ನು ಹೊರರಾಜ್ಯಕ್ಕೆ ಮಾರುವ ವ್ಯಾಪಾರಿ ವಹಿವಾಟು ಎಷ್ಟೇ ಚಿಕ್ಕದಿದ್ದರೂ ನೋಂದಾಯಿಸಿಕೊಳ್ಳಬೇಕು. ಆದ್ದರಿಂದ ಮಾರಾಟವನ್ನು ಕರ್ನಾಟಕದೊಳಗೇ ಇಟ್ಟುಕೊಂಡಿದ್ದೇನೆ.

ಆದರೆ ಬೇರೆಯವರ ವಾಚು ಬಿಚ್ಚುವಾಗ ಕೈ ಬೇರೆ ರೀತಿ ನಡುಗುತ್ತದೆ. ಒಮ್ಮೆ ಶಿರಾದಿಂದ ಬಂದ ಜನತಾ ಒಂದರ ಹೇರ್‌ಸ್ಪ್ರಿಂಗ್ (ಬ್ಯಾಲೆನ್ಸ್ ಚಕ್ರವನ್ನು ಆಡಿಸುವ, ಕೂದಲಿನಷ್ಟು ತೆಳುವಾದ ಸುರುಳಿ) ನನ್ನ ಚಿಮಟಕ್ಕೆ ಸಿಕ್ಕಿ ಸೊಟ್ಟಗಾಯಿತು. ಅದು ಆ ಮನೆಯ ಯಜಮಾನರಿಗೆ ಮದುವೆಯಲ್ಲಿ ಬಂದ ವಾಚು. ನನ್ನದೇ ಒಂದು ಒಳ್ಳೆಯ ವಾಚಿನಿಂದ ಬ್ಯಾಲೆನ್ಸ್ ಚಕ್ರವನ್ನು ಸ್ಪ್ರಿಂಗ್ ಸಮೇತ ತೆಗೆದು ಹಾಕಿದೆ, ನಡೆದದ್ದನ್ನು ಅವರಿಗೆ ತಿಳಿಸಿದೆ, ಕೂಲಿ ತೆಗೆದುಕೊಳ್ಳಲಿಲ್ಲ. ಅವರು ಹಳೆಯ ಸ್ಪ್ರಿಂಗನ್ನು ಕೇಳಿ ಪಡೆದು, ಕಾಗದದಲ್ಲಿ ಮಡಿಸಿ ಜೇಬಿಗೆ ಹಾಕಿಕೊಂಡರು. ಈಗ ಹೇರ್‌ಸ್ಪ್ರಿಂಗ್ ಮುಟ್ಟುವ ಕೆಲಸವಿದ್ದರೆ ಅಪಾಯವನ್ನು ಮೊದಲೇ ಹೇಳಿ, ಅವರು ಒಪ್ಪಿದ ಮೇಲಷ್ಟೇ ಬೆಳಗಿನ ಬೆಳಕಿನಲ್ಲಿ ಕುಳಿತು ಮಾಡುತ್ತೇನೆ.

ತಿಂಗಳಿಗೆ ಎಂಟು ವಾಚುಗಳಿಗಿಂತ ಹೆಚ್ಚು ಒಪ್ಪಿಕೊಳ್ಳುವುದಿಲ್ಲ. ಭಾನುವಾರ ಮೇಜಿನ ಮೇಲೆ ನನ್ನ ಸ್ವಂತದ ವಾಚು ಮಾತ್ರ ಇರುತ್ತದೆ. ಸದ್ಯಕ್ಕೆ ಅದು ಸೊಟ್ಟ ಹೇರ್‌ಸ್ಪ್ರಿಂಗ್‌ಗಾಗಿ ತನ್ನ ಚಕ್ರವನ್ನು ಬಿಟ್ಟುಕೊಟ್ಟ ಅದೇ ವಾಚು; ಹೊಂದುವ ಇನ್ನೊಂದು ಚಕ್ರ ಹೋದ ವಾರ ಸಿಕ್ಕಿತು.