ಆರ್‌ಪಿಎಂ ಮುಳ್ಳು ಬಿದ್ದರೆ ಮೊದಲು ಮೀಟರ್ ಬಿಚ್ಚಬೇಡಿ

ಲಾರಿಯ ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂದು ತೋರಿಸುವ) ಮುಳ್ಳು ಸತ್ತರೆ ಮೊದಲು ಕೇಳಬೇಕಾದ್ದು, ಅದಕ್ಕೆ ಸಿಗ್ನಲ್ ಎಲ್ಲಿಂದ ಬರುತ್ತಿದೆ ಎಂದು. ಮೆಕ್ಯಾನಿಕಲ್ ಪಂಪಿನ ಹಳೆಯ ಡೀಸೆಲ್ ಗಾಡಿಗಳಲ್ಲಿ ಸಾಮಾನ್ಯವಾಗಿ, ಬೆಲ್ಟಿನಿಂದ ತಿರುಗಿ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ಡಬ್ಲ್ಯೂ ಟರ್ಮಿನಲ್‌ನಿಂದ. ಬೆಲ್ಟ್ ಜಾರಿದರೆ ಮುಳ್ಳು ಕಡಿಮೆ ತೋರಿಸುತ್ತದೆ. ಬೇರೆ ಅಳತೆಯ ಪುಲ್ಲಿ ಕೂರಿಸಿದ್ದರೆ ಲೆಕ್ಕ ಸದಾ ತಪ್ಪು.

ಕಾಮನ್ ರೈಲ್ (ಕಂಪ್ಯೂಟರ್ ಡೀಸೆಲ್ ಸಿಂಪಡಿಸುವ ಹೊಸ ಬಗೆಯ) ಎಂಜಿನ್‌ನಲ್ಲಿ ಕ್ರ್ಯಾಂಕ್ ಸೆನ್ಸರ್ (ಕ್ರ್ಯಾಂಕ್ ಶಾಫ್ಟ್ ತಿರುಗುವುದನ್ನು ಅಳೆಯುವುದು) ಹೇಳಿದ್ದನ್ನು ಇಸಿಯು (ಎಂಜಿನ್ ಕಂಪ್ಯೂಟರ್) ಕ್ಯಾನ್ ಎಂಬ ಜೋಡಿ ಡೇಟಾ ವೈರಿನ ಮೂಲಕ ಮೀಟರಿಗೆ ಕಳಿಸುತ್ತದೆ. ಹಾಗಾಗಿ ಸ್ಕ್ಯಾನರ್ ಹಾಕಿ. ಅದರಲ್ಲಿ ಆರ್‌ಪಿಎಂ ಸರಿಯಿದ್ದರೆ ಸೆನ್ಸರಿನ ತಂಟೆಗೆ ಹೋಗಬೇಡಿ. ಬ್ಯಾಟರಿ ಕಳಚಿ ಎರಡು ಕ್ಯಾನ್ ವೈರುಗಳ ನಡುವೆ ಅಳೆಯಿರಿ: ಎರಡು ತುದಿಗಳಲ್ಲಿ ತಲಾ 120 ಓಮ್ ರೆಸಿಸ್ಟರ್ ಇರುವುದರಿಂದ ಒಟ್ಟು ಸುಮಾರು 60 ಓಮ್ ಬರಬೇಕು. 120 ಬಂದರೆ ಒಂದು ಕಡೆಯ ರೆಸಿಸ್ಟರ್ ಅಥವಾ ವೈರ್ ಕಡಿದಿದೆ.

ಸ್ಕ್ಯಾನರಿನಲ್ಲೂ ಆರ್‌ಪಿಎಂ ಬೀಳುತ್ತಿದ್ದರೆ, ಪಿ0335 ಕೋಡ್ (ಕ್ರ್ಯಾಂಕ್ ಸೆನ್ಸರ್ ಸರ್ಕ್ಯೂಟಿನ ದೋಷ) ಬಂದಿದ್ದರೆ, ಸೆನ್ಸರ್ ಬಿಚ್ಚಿ ತುದಿ ನೋಡಿ. ಅಯಸ್ಕಾಂತಕ್ಕೆ ಕಬ್ಬಿಣದ ಪುಡಿ ಮೆತ್ತಿಕೊಂಡು ಸಿಗ್ನಲ್ ಕೆಡುವುದುಂಟು, ಒರೆಸಿದರೆ ಸಾಕಾಗಬಹುದು. ಎರಡು ವೈರಿನ ಸೆನ್ಸರ್ ಸಾಮಾನ್ಯವಾಗಿ ಕೆಲವು ನೂರರಿಂದ ಸಾವಿರ ಓಮ್ ಆಸುಪಾಸು ತೋರಿಸುತ್ತದೆ, ಸ್ಟಾರ್ಟರ್ ತಿರುಗಿಸಿದಾಗ ಎಸಿ ವೋಲ್ಟೇಜ್ ಕೊಡುತ್ತದೆ. ಮೂರು ವೈರಿನದು ಹಾಲ್ ಸೆನ್ಸರ್ (ಒಳಗೆ ಎಲೆಕ್ಟ್ರಾನಿಕ್ ಚಿಪ್ ಇರುವುದು) ಆಗಿದ್ದರೆ ಓಮ್ ಅಳತೆಯಿಂದ ಏನೂ ತಿಳಿಯದು. ಸಪ್ಲೈ (ಬಹಳಷ್ಟು ಕಡೆ 5 ವೋಲ್ಟ್), ಅರ್ಥ್, ಸಿಗ್ನಲ್ ನೋಡಿ.

ಎಂಜಿನ್ ಕಾದ ಮೇಲೆ ಮಾತ್ರ ಬರುವ ದೋಷವೇ ನಿಜವಾದ ತಲೆನೋವು. ಎರಡು ವೈರಿನ ಸೆನ್ಸರಿನ ಕಾಯಿಲ್ (ತಂತಿಯ ಸುರುಳಿ) ಬಿಸಿಗೆ ಹಿಗ್ಗಿ ಒಳಗೆ ಬಿಟ್ಟುಕೊಳ್ಳುತ್ತದೆ, ತಣ್ಣಗಾದರೆ ಮತ್ತೆ ಕೂಡುತ್ತದೆ. ತಣ್ಣಗಿದ್ದಾಗ ಪಾಸಾದ ಸೆನ್ಸರನ್ನು ನಂಬಬೇಡಿ. ಬಿಸಿಯಿರುವಾಗಲೇ ಅಳೆಯಿರಿ, ಕನೆಕ್ಟರ್ ಅಲ್ಲಾಡಿಸುತ್ತಾ ಅಳೆಯಿರಿ.