ಶುಂಠಿ ಹೊಲ, ಗಾಜಿನ ಲೋಟ ಮತ್ತು ನಾನು ಮರೆತಿದ್ದ ಐದು ಮಾರ್ಕಿನ ಪ್ರಶ್ನೆ

ಹಾಸನದ ಹತ್ತಿರ ಒಂದು ಗೊಬ್ಬರದ ಅಂಗಡಿಯಲ್ಲಿ ನನ್ನ ಕೆಲಸ. ಬೋರ್ಡಿನಲ್ಲಿ ‘ಬೆಳೆ ಸಲಹೆಗಾರರು ಲಭ್ಯ’ ಅಂತ ಬರೆದಿದೆ. ಆ ಸಲಹೆಗಾರರು ಅಂದರೆ ನಾನೇ. ಬಿ.ಎಸ್ಸಿ. ಕೃಷಿ ಮುಗಿಸಿ ಸೇರಿದ ಮೊದಲ ಮಳೆಗಾಲದಲ್ಲಿ ಮಾಡಿದ ಒಂದು ಎಡವಟ್ಟಿನ ಬಗ್ಗೆ ಬರೆಯುತ್ತಿದ್ದೇನೆ. ಆ ಎಡವಟ್ಟಿನ ಬೇರು ಪಿಯುಸಿಯಲ್ಲಿ ನಾನು ಬಾಯಿಪಾಠ ಹೊಡೆದು, ಬರೆದು, ಮಾರನೇ ದಿನ ಮರೆತಿದ್ದ ಒಂದು ಟೇಬಲ್‌ನಲ್ಲಿತ್ತು: ‘ಪ್ರೊಕ್ಯಾರಿಯೋಟ್ ಮತ್ತು ಯೂಕ್ಯಾರಿಯೋಟ್ ಜೀವಕೋಶಗಳ ವ್ಯತ್ಯಾಸ ತಿಳಿಸಿ.’

ಪುಷ್ಯ ಮಳೆ ಬಿಟ್ಟೂಬಿಡದೆ ಹೊಡೆಯುತ್ತಿತ್ತು. ನಮ್ಮ ಕಡೆ ಆ ಹೊತ್ತಿಗೆ ಅಂಗಡಿಗೆ ಬರುವವರಲ್ಲಿ ಅರ್ಧಕ್ಕರ್ಧ ಶುಂಠಿಯವರೇ. ಒಬ್ಬ ಗೌಡ್ರು ಕಂಬಳಿ ಕೊಡವುತ್ತಾ ಬಂದು, ‘ಶುಂಠಿ ಹಳದಿ ಆಗ್ತಾ ಐತೆ, ಕೊಳೀತಾ ಐತೆ ಕಣವ್ವ. ಏನಾರ ಕೊಡು’ ಅಂದರು. ಕೌಂಟರಿನ ಮುಂದೆ ಇನ್ನೂ ಆರು ಜನ ನಿಂತಿದ್ದರು. ಕೊಳೆ ಅಂದ ತಕ್ಷಣ ನನ್ನ ತಲೆಯಲ್ಲಿ ಬಂದದ್ದು ಪಿಥಿಯಂ, ಶುಂಠಿ ಗೆಡ್ಡೆ ಕೊಳೆಸುವ ಬೂಸ್ಟಿನಂಥ ಒಂದು ಜೀವಿ. ಮೆಟಲಾಕ್ಸಿಲ್ ಮತ್ತು ಮ್ಯಾಂಕೋಜೆಬ್ ಸೇರಿದ ಔಷಧಿ ಕೊಟ್ಟೆ, ಬುಡಕ್ಕೆ ಸುರಿಯಲು ಹೇಳಿದೆ. ಗಿಡ ತಂದಿದ್ದೀರಾ ಅಂತ ಕೇಳಲಿಲ್ಲ. ಎಲೆ ಮೊದಲು ಹಳದಿಯಾಯಿತಾ, ಹಸಿರಾಗಿದ್ದಾಗಲೇ ಜೋತುಬಿತ್ತಾ ಅಂತಲೂ ಕೇಳಲಿಲ್ಲ.

ವಾರ ಬಿಟ್ಟು ಮತ್ತೆ ಬಂದರು. ಕಡಿಮೆ ಆಗಿಲ್ಲ ಅಂದರು. ನಾನು ಇನ್ನೊಂದು ಸಲ ಅದನ್ನೇ ಕೊಟ್ಟೆ! ಇದನ್ನು ಬರೆಯುವಾಗ ಈಗಲೂ ನಾಚಿಕೆ ಆಗುತ್ತದೆ. ಮೂರನೇ ಸಲ ಬಂದಾಗ ಗೌಡ್ರು ಏನೂ ಮಾತಾಡಲಿಲ್ಲ. ಪ್ಲಾಸ್ಟಿಕ್ ಕವರಿನಿಂದ ಶುಂಠಿ ಗಿಡದ ಒಂದು ತೆಂಡೆ ತೆಗೆದು ಬಿಲ್ ಪುಸ್ತಕದ ಮೇಲೆ ಇಟ್ಟರು. ಔಷಧಿ ಸುರಿಯುವ ಆಳುಗಳು ಶುಂಠಿಯ ಒಂದು ಮಡಿಯಿಂದ (ನಾವು ಬಡ್ಡು ಅನ್ನುವುದು) ಇನ್ನೊಂದಕ್ಕೆ ಅದೇ ಕೆಸರುಗಾಲಲ್ಲಿ ಓಡಾಡಿ ರೋಗವನ್ನೂ ಜೊತೆಗೆ ಹಂಚಿದ್ದರು.

ಆ ದಿನ ಅಂಗಡಿಗೆ ಬಂದಿದ್ದ, ಬೆಳೆ ರೋಗದ ಕೆಲಸ ಮಾಡಿ ನಿವೃತ್ತರಾದ ಹಿರಿಯರೊಬ್ಬರು ತೆಂಡೆಯನ್ನು ಎತ್ತಿ ನೋಡಿದರು. ‘ಟೀ ಅಂಗಡಿಯಿಂದ ಒಂದು ಗಾಜಿನ ಲೋಟ ತಗೊಂಡು ಬಾಮ್ಮ, ತಿಳಿ ನೀರು ಹಾಕಿ’ ಅಂದರು. ಕಾಂಡದ ಬುಡದಿಂದ ಎರಡು ಮೂರು ಇಂಚು ತುಂಡನ್ನು ಚೂಪಾದ ಬ್ಲೇಡಿನಲ್ಲಿ ಕೊಯ್ದರು. ಕೊಯ್ದ ತುದಿ ನೀರಿಗೆ ತಾಗುವ ಹಾಗೆ ಲೋಟದ ಅಂಚಿನಲ್ಲಿ ಹಿಡಿದರು. ಒಂದು ನಿಮಿಷ ಏನೂ ಇಲ್ಲ. ಆಮೇಲೆ ಕೊಯ್ದ ಜಾಗದಿಂದ ಬಿಳಿ ನೂಲೊಂದು ಇಳಿಯಿತು. ಊದುಬತ್ತಿಯ ಹೊಗೆ ತಲೆಕೆಳಗಾಗಿ ಹರಿದರೆ ಹೇಗಿರುತ್ತದೋ ಹಾಗೆ. ಸ್ವಲ್ಪ ಹೊತ್ತಿಗೆ ಲೋಟದ ತಳ ಹಾಲು ಬೆರೆಸಿದ ಹಾಗೆ ಮಬ್ಬಾಯಿತು.

‘ಇದು ಹಾಲಲ್ಲ, ಪೂರ್ತಿ ದುಂಡಾಣು. ಕೋಟಿಗಟ್ಟಲೆ. ಇದಕ್ಕೆ ನೀನು ಕೊಟ್ಟಿರೋದು ಯಾವುದರ ಔಷಧಿ?’

ಆ ಪ್ರಶ್ನೆಗೆ ಉತ್ತರ ನನ್ನ ಪಿಯುಸಿ ಟೇಬಲ್‌ನಲ್ಲಿತ್ತು.

ಗೌಡ್ರ ಹೊಲದಲ್ಲಿದ್ದದ್ದು ರಾಲ್ಸ್ಟೋನಿಯಾ ಅನ್ನುವ ದುಂಡಾಣು, ಅಂದರೆ ಬ್ಯಾಕ್ಟೀರಿಯಾ. ಅದು ಪ್ರೊಕ್ಯಾರಿಯೋಟ್. ಅದರ ಕೋಶದ ಒಳಗೆ ಕೋಶಕೇಂದ್ರ ಇಲ್ಲ. ಡಿಎನ್‌ಎ ಬಳೆಯ ಹಾಗೆ ಸುತ್ತು ಮುಚ್ಚಿಕೊಂಡು ಕೋಶದ ನಡುವೆ ಸುಮ್ನೆ ಬಿದ್ದಿರುತ್ತದೆ, ಸುತ್ತ ಪೊರೆ ಇಲ್ಲ. ಶಕ್ತಿ ತಯಾರಿಸುವ ಮೈಟೋಕಾಂಡ್ರಿಯಾ ಇಲ್ಲ, ಪ್ರೋಟೀನ್ ಪ್ಯಾಕ್ ಮಾಡುವ ಗಾಲ್ಗಿ ಇಲ್ಲ. ಉದ್ದ ಒಂದೆರಡು ಮೈಕ್ರೋಮೀಟರ್. ಒಂದು ಮಿಲಿಮೀಟರ್ ಜಾಗದಲ್ಲಿ ನೂರಾರು ಸಾಲಾಗಿ ನಿಲ್ಲುತ್ತವೆ.

ನಾನು ಔಷಧಿ ಕೊಟ್ಟಿದ್ದು ಪಿಥಿಯಂಗೆ. ಅದು ಯೂಕ್ಯಾರಿಯೋಟ್. ಡಿಎನ್‌ಎ ಎಳೆಎಳೆಯಾಗಿ, ಹಿಸ್ಟೋನ್ ಅನ್ನುವ ಪ್ರೋಟೀನಿಗೆ ಸುತ್ತಿಕೊಂಡು, ಪೊರೆ ಇರುವ ಕೋಶಕೇಂದ್ರದ ಒಳಗೆ ಭದ್ರವಾಗಿರುತ್ತದೆ. ಮೆಟಲಾಕ್ಸಿಲ್ ಕೆಲಸ ಮಾಡುವುದು ಪಿಥಿಯಂ ಜಾತಿಯವುಗಳ ಕೋಶಕೇಂದ್ರದಲ್ಲಿ ಆರ್‌ಎನ್‌ಎ ತಯಾರಿಸುವ ಒಂದು ಕಿಣ್ವದ ಮೇಲೆ. ಕೋಶಕೇಂದ್ರವೇ ಇಲ್ಲದ, ಆ ಕಿಣ್ವವೇ ಬೇರೆ ಥರ ಇರುವ ದುಂಡಾಣುವಿಗೆ ಅದನ್ನು ಸುರಿದರೆ ಏನಾಗುತ್ತೆ? ಏನೂ ಆಗಲ್ಲ. ಬೀಗ ಬೇರೆ, ಕೀಲಿ ಬೇರೆ.

ಗೌಡ್ರಿಗೆ ಇದನ್ನು ಹೇಳಬೇಕಿತ್ತು, ತಪ್ಪು ನನ್ನದು ಅಂತಲೂ ಹೇಳಬೇಕಿತ್ತು. ಎರಡನ್ನೂ ಹೇಳಿದೆ. ‘ಗೌಡ್ರೇ, ಕೊಳೆಸೋ ಜೀವಿಗಳಲ್ಲಿ ಎರಡು ಥರ. ಒಂದು ನಿಮ್ಮ ತೊಟ್ಟಿ ಮನೆ ಇದ್ದಂಗೆ. ಅಡುಗೆಗೊಂದು, ದವಸಕ್ಕೊಂದು, ಕಾಗದ ಪತ್ರ ಇಡೋಕೊಂದು ಕೋಣೆ. ಇನ್ನೊಂದು ಪಂಪ್‌ಸೆಟ್ ಶೆಡ್ ಇದ್ದಂಗೆ, ಎಲ್ಲ ಒಂದೇ ಕಡೆ.’ ಹೋಲಿಕೆ ಚೆನ್ನಾಗಿದೆ ಅಂತ ನನಗೆ ನಾನೇ ಅಂದುಕೊಳ್ಳುವಷ್ಟರಲ್ಲಿ ಗೌಡ್ರು ಕೇಳಿದರು: ‘ಶೆಡ್‌ನೋನು ಬಡವ ಅಲ್ವಾ? ಮತ್ತೆ ತೊಟ್ಟಿ ಮನೆಯವನಿಗಿಂತ ಅವನದೇ ಸಂಸಾರ ಇಷ್ಟು ಬೇಗ ಹೆಂಗೆ ಬೆಳೀತು?’

ಆ ಪ್ರಶ್ನೆ ನನ್ನ ಯಾವ ಪರೀಕ್ಷೆಯಲ್ಲೂ ಬಂದಿರಲಿಲ್ಲ. ನಿಜ ಹೇಳಬೇಕೆಂದರೆ ಅದು ಶೆಡ್ ಆಗಿರುವುದರಿಂದಲೇ ಬೇಗ ಬೆಳೆಯುತ್ತದೆ. ಯೂಕ್ಯಾರಿಯೋಟ್‌ನಲ್ಲಿ ಡಿಎನ್‌ಎಯಿಂದ ಆರ್‌ಎನ್‌ಎ ನಕಲು ತೆಗೆಯುವುದು ಕೋಶಕೇಂದ್ರದ ಒಳಗೆ. ಆ ನಕಲನ್ನು ಕತ್ತರಿಸಿ ಜೋಡಿಸಿ, ಪೊರೆಯಲ್ಲಿರುವ ರಂಧ್ರದಿಂದ ಆಚೆ ಕಳಿಸಿದ ಮೇಲೆ ರೈಬೋಸೋಮ್ ಅದನ್ನು ಓದಿ ಪ್ರೋಟೀನ್ ಕಟ್ಟಬೇಕು. ತಾಲ್ಲೂಕು ಆಫೀಸಿನ ಫೈಲ್ ಹಾಗೆ, ಒಂದೊಂದು ಮೇಜು ದಾಟಬೇಕು. ದುಂಡಾಣುವಿನಲ್ಲಿ ನಕಲು ಇನ್ನೂ ಬರೆದು ಮುಗಿದಿರುವುದಿಲ್ಲ, ಆಗಲೇ ರೈಬೋಸೋಮ್ ಬಂದು ಕೂತು ಓದಲು ಶುರು ಮಾಡಿರುತ್ತದೆ. ಡಿಎನ್‌ಎಯೂ ಕಡಿಮೆ. ನಮ್ಮ ಕರುಳಿನಲ್ಲಿರುವ ಇ. ಕೋಲೈ ಅನ್ನುವ ದುಂಡಾಣುವಿನದು ಸುಮಾರು 46 ಲಕ್ಷ ಅಕ್ಷರ, ಮನುಷ್ಯರದು ಸುಮಾರು 300 ಕೋಟಿ. ಹೊಟ್ಟೆ ತುಂಬ ಊಟ, ಬೆಚ್ಚಗಿನ ಜಾಗ ಸಿಕ್ಕರೆ ಇ. ಕೋಲೈ 20 ನಿಮಿಷಕ್ಕೆ ಒಂದು ಇದ್ದದ್ದು ಎರಡಾಗುತ್ತದೆ. ರಾತ್ರಿ ಎಂಟಕ್ಕೆ ಒಂದಿದ್ದರೆ ಬೆಳಿಗ್ಗೆ ಆರಕ್ಕೆ ಲೆಕ್ಕದ ಪ್ರಕಾರ ನೂರು ಕೋಟಿ ದಾಟಬೇಕು. ಶುಂಠಿಯ ದುಂಡಾಣು ಅಷ್ಟು ಜೋರಿಲ್ಲ, ಆದರೆ ಮಳೆಗಾಲದಲ್ಲಿ ಅದಕ್ಕೆ ಅವಸರವೂ ಇಲ್ಲ.

ಗೌಡ್ರು ಲೋಟವನ್ನೇ ನೋಡುತ್ತಿದ್ದರು. ‘ಹಂಗಾದ್ರೆ ನಮ್ಮ ಶುಂಠಿ ಯಾವ ಕಡೆ?’ ಅಂದರು.

ಶುಂಠಿ, ನಾವು, ದನ, ಅಣಬೆ, ಪಿಥಿಯಂ ಎಲ್ಲ ಒಂದೇ ಕಡೆ, ತೊಟ್ಟಿ ಮನೆಯವರು. ನನ್ನ ಕೆಲಸದಲ್ಲಿ ಇದೇ ಇಕ್ಕಟ್ಟಿನ ವಿಷಯ. ದುಂಡಾಣುವಿನ ರೈಬೋಸೋಮ್ 70ಎಸ್, ನಮ್ಮದು 80ಎಸ್. (50 ಮತ್ತು 30 ಸೇರಿ 70, 60 ಮತ್ತು 40 ಸೇರಿ 80. ಕೂಡೋ ಲೆಕ್ಕ ತಪ್ಪಲ್ಲ, ‘ಎಸ್’ ಅನ್ನುವುದು ತೂಕ ಅಲ್ಲ, ಜೋರಾಗಿ ತಿರುಗಿಸಿದಾಗ ಎಷ್ಟು ಬೇಗ ತಳಕ್ಕೆ ಇಳಿಯುತ್ತೆ ಅನ್ನುವ ಅಳತೆ. ಇದು ಗೊತ್ತಿಲ್ಲದೆ ನಾನು ಒಂದು ಮಾರ್ಕ್ ಕಳೆದುಕೊಂಡಿದ್ದೆ.) ಸ್ಟ್ರೆಪ್ಟೊಮೈಸಿನ್ ಅನ್ನುವ ಆಂಟಿಬಯೋಟಿಕ್ ಹೋಗಿ ಅಂಟಿಕೊಳ್ಳುವುದು ಆ 30ರ ತುಂಡಿಗೆ. ನಮ್ಮ 80ಎಸ್ ಅದಕ್ಕೆ ಅಷ್ಟು ಸುಲಭಕ್ಕೆ ಸಿಗಲ್ಲ. ಆದ್ದರಿಂದಲೇ ಅದು ಔಷಧಿ, ಇಲ್ಲದಿದ್ದರೆ ವಿಷ. ಪಿಥಿಯಂ ವಿಷಯದಲ್ಲಿ ಗಿಡಕ್ಕೂ ರೋಗಕ್ಕೂ ಕೋಶದ ಕಟ್ಟಡ ಹೆಚ್ಚು ಕಡಿಮೆ ಒಂದೇ. ಗಿಡಕ್ಕೆ ತಾಗದೆ ಅದಕ್ಕೆ ಮಾತ್ರ ತಾಗುವ ಸಣ್ಣ ವ್ಯತ್ಯಾಸವನ್ನು ಹುಡುಕಿ ಔಷಧಿ ಮಾಡಬೇಕು.

ಇಲ್ಲೇ ಇನ್ನೊಂದು ಗುಂಡಿ ಇದೆ. ನಾವು ಅಂಗಡಿಯವರು ಪಿಥಿಯಂ ಅನ್ನು ‘ಶಿಲೀಂಧ್ರ’ ಅಂತ ಬಿಲ್ ಹಾಕುತ್ತೇವೆ, ಆದರೆ ಅದು ನಿಜವಾದ ಶಿಲೀಂಧ್ರ ಅಲ್ಲ. ಶಿಲೀಂಧ್ರದ ಕೋಶದ ಗೋಡೆ ಕೈಟಿನ್‌ನದು, ಪಿಥಿಯಂ ಗೋಡೆಯಲ್ಲಿರುವುದು ಗಿಡದ ಹಾಗೆ ಸೆಲ್ಯುಲೋಸ್. ನಮ್ಮ ಆಲೂಗಡ್ಡೆಯ ಅಂಗಮಾರಿ, ಅಡಿಕೆಯ ಕೊಳೆ ರೋಗ ತರುವ ಫೈಟಾಫ್ತೊರಾ ಕೂಡ ಇದೇ ಜಾತಿ. ಅಣಬೆಗಿಂತ ಕಂದು ಪಾಚಿಗೆ ಹತ್ತಿರದ ನೆಂಟರು. ಹಾಗಾಗಿ ಚಿಕ್ಕಮಗಳೂರಿನ ಕಾಫಿ ತೋಟದ ಎಲೆ ತುಕ್ಕಿಗೆ ಹೊಡೆಯುವ ಹೆಕ್ಸಕೊನಜೋಲ್ ಪಿಥಿಯಂ ಮೇಲೆ ನಡೆಯಲ್ಲ. ತುಕ್ಕು ರೋಗದ್ದು ನಿಜವಾದ ಶಿಲೀಂಧ್ರ, ಅದು ತನ್ನ ಪೊರೆಗೆ ಬೇಕಾದ ಸ್ಟೆರಾಲ್ ಅನ್ನುವ ಕೊಬ್ಬಿನಂಥ ವಸ್ತುವನ್ನು ತಾನೇ ತಯಾರಿಸುತ್ತದೆ, ಹೆಕ್ಸಕೊನಜೋಲ್ ಆ ತಯಾರಿಯನ್ನು ನಿಲ್ಲಿಸುತ್ತದೆ. ಪಿಥಿಯಂ ಅದನ್ನು ತಯಾರಿಸುವುದೇ ಇಲ್ಲ. ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ಮಾತ್ರ ಈ ಜಾತಿ ಪದ್ಧತಿ ನೋಡಲ್ಲ. ತಾಮ್ರ ಎದುರಿಗೆ ಸಿಕ್ಕ ಪ್ರೋಟೀನನ್ನೆಲ್ಲ ಕೆಡಿಸುತ್ತದೆ, ಕೋಶಕೇಂದ್ರ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಆದರೆ ಅದು ಎಲೆಯ ಮೇಲೆ ಕೂತು ಕಾಯುವ ಕಾವಲುಗಾರ. ಕಾಂಡದ ಒಳಗೆ ನೀರು ಹರಿಯುವ ನಾಳದಲ್ಲಿ ಸೇರಿಕೊಂಡ ರಾಲ್ಸ್ಟೋನಿಯಾವನ್ನು ಹಿಡಿಯಲು ಅದಕ್ಕಾಗಲ್ಲ.

ಅಂದಹಾಗೆ, ಜೀವಿಗಳನ್ನು ಹೀಗೆ ಎರಡು ಮಾಡಿ ಪ್ರೊಕ್ಯಾರಿಯೋಟ್, ಯೂಕ್ಯಾರಿಯೋಟ್ ಅಂತ ಹೆಸರಿಟ್ಟವರು ಫ್ರಾನ್ಸಿನ ಜೀವವಿಜ್ಞಾನಿ ಎಡ್ವಾರ್ ಶಾಟನ್, 1925ರಲ್ಲಿ. ಬಾಳೆಹೊನ್ನೂರಿನ ಹತ್ತಿರ ಕಾಫಿ ಪ್ರಯೋಗ ಕೇಂದ್ರ ಶುರುವಾದದ್ದೂ ಅದೇ ವರ್ಷ. ಎರಡಕ್ಕೂ ಸಂಬಂಧ ಏನಿಲ್ಲ, ನನಗೆ ವರ್ಷ ನೆನಪಿಡಲು ಸುಲಭವಾಯಿತು ಅಷ್ಟೆ. ‘ಕ್ಯಾರಿಯಾನ್’ ಅಂದರೆ ಗ್ರೀಕಿನಲ್ಲಿ ಕಾಯಿಯ ಒಳಗಿನ ತಿರುಳು. ಆ ತಿರುಳನ್ನು, ಅಂದರೆ ಕೋಶಕೇಂದ್ರವನ್ನು, ರಾಬರ್ಟ್ ಬ್ರೌನ್ 1831ರಲ್ಲಿ ಗುರುತಿಸಿ ಹೆಸರಿಟ್ಟದ್ದು ಆರ್ಕಿಡ್ ಗಿಡದ ಕೋಶಗಳನ್ನು ನೋಡುವಾಗ. ನಮ್ಮ ಮಲೆನಾಡಿನ ಮರಗಳ ಮೇಲೆ ಜೋತಾಡುವ ಸೀತಾಳೆ ದಂಡೆಯ ಕುಲದವು. 1977ರಲ್ಲಿ ಕಾರ್ಲ್ ವೋಸ್ ಬಂದು, ಕೋಶಕೇಂದ್ರ ಇಲ್ಲದವರಲ್ಲೂ ಆರ್ಕಿಯಾ ಅನ್ನುವ ಬೇರೆಯದೇ ವಂಶ ಇದೆ ಅಂದರು. ಅವು ನನ್ನ ಕೌಂಟರಿಗೆ ಬರುವುದಿಲ್ಲ, ಬಿಡಿ.

ಗೌಡ್ರ ಕಥೆಗೆ ಬರುತ್ತೇನೆ. ಲೋಟ ನೋಡಿದ ಮೇಲೆ ಅವರು, ‘ಪಕ್ಕದ ಹೊಲದೋರು ಆ ಆಂಟಿಬಯೋಟಿಕ್ ಪುಡಿ ಹೊಡೆದವ್ರೆ, ನಂಗೂ ಅದೇ ಕೊಡು’ ಅಂದರು. ಆಗ ಅದು ಎಲ್ಲ ಕಡೆ ಸಿಗುತ್ತಿತ್ತು. ನನ್ನ ಕೈ ಕಪಾಟಿನ ಕಡೆ ಹೋಗಿಯೂ ಇತ್ತು. ಹಿರಿಯರು, ‘ಮೊದಲು ಆ ಹೊಲ ನೋಡ್ಕೊಂಡು ಬಾ’ ಅಂದರು.

ಹೋಗಿ ನೋಡಿದೆ. ಪಕ್ಕದವರು ಹೇಳಿದ್ದಕ್ಕಿಂತ ಎರಡು ಪಟ್ಟು ಹಾಕಿ ಹೊಡೆದಿದ್ದರು. ರೋಗ ನಿಂತಿರಲಿಲ್ಲ. ಅದರ ಜೊತೆಗೆ, ರೋಗವೇ ಇಲ್ಲದ ತೆಂಡೆಗಳ ಹೊಸ ಎಲೆಗಳು ಬಣ್ಣ ಕಳೆದುಕೊಂಡು ಬಿಳಿಚಿದ್ದವು. ನಾನು ಆ ಬಡ್ಡಿನ ಅಂಚಿನಲ್ಲಿ ಕೂತು ಒಂದು ಎಲೆಯನ್ನು ಬೆಳಕಿಗೆ ಹಿಡಿದು ನೋಡಿದೆ. ಶುಂಠಿ ಯೂಕ್ಯಾರಿಯೋಟ್ ಅಲ್ವಾ, ಅದರದು 80ಎಸ್ ಅಲ್ವಾ, ಮತ್ತೆ ಇದು ಯಾಕೆ?

ಯಾಕೆಂದರೆ ತೊಟ್ಟಿ ಮನೆಯ ಒಳಗೆ ಹಳೇ ಬಾಡಿಗೆದಾರರಿದ್ದಾರೆ. ಎಲೆಗೆ ಹಸಿರು ಕೊಡುವ ಕ್ಲೋರೋಪ್ಲಾಸ್ಟ್, ಉಸಿರಾಟದ ಮೈಟೋಕಾಂಡ್ರಿಯಾ ಎರಡೂ ಒಂದು ಕಾಲದಲ್ಲಿ ಬೇರೆಯಾಗಿ ಬದುಕುತ್ತಿದ್ದ ಬ್ಯಾಕ್ಟೀರಿಯಾಗಳು. ದೊಡ್ಡ ಕೋಶದ ಒಳಗೆ ಸೇರಿ ಅಲ್ಲೇ ಉಳಿದುಬಿಟ್ಟವು. ಲಿನ್ ಮಾರ್ಗುಲಿಸ್ 1967ರಲ್ಲಿ ಇದನ್ನು ಗಟ್ಟಿಯಾಗಿ ವಾದಿಸಿದಾಗ ನಂಬಿದವರು ಕಡಿಮೆ, ಈಗ ಪಠ್ಯಪುಸ್ತಕದಲ್ಲಿದೆ. ಇವತ್ತಿಗೂ ಆ ಎರಡರಲ್ಲೂ ಅವುಗಳದೇ ಡಿಎನ್‌ಎ ಇದೆ, ಅವುಗಳದೇ ಬ್ಯಾಕ್ಟೀರಿಯಾ ಥರದ ರೈಬೋಸೋಮ್ ಇದೆ. ಪುಡಿ ಜಾಸ್ತಿಯಾದಾಗ ಸ್ಟ್ರೆಪ್ಟೊಮೈಸಿನ್ ಹೋಗಿ ಹಿಡಿದುಕೊಂಡದ್ದು ಕ್ಲೋರೋಪ್ಲಾಸ್ಟಿನ ಆ ರೈಬೋಸೋಮನ್ನು. ಕೆಲವು ಮನುಷ್ಯರಿಗೆ ಇದೇ ಗುಂಪಿನ ಔಷಧಿಯಿಂದ ಕಿವಿ ಹೋಗುವುದಕ್ಕೂ ಮೈಟೋಕಾಂಡ್ರಿಯಾದ ರೈಬೋಸೋಮಿನಲ್ಲಿರುವ ಒಂದು ಸಣ್ಣ ಬದಲಾವಣೆ ಕಾರಣ ಅಂತ ಆಮೇಲೆ ಓದಿದೆ. ಅವತ್ತು ಆ ಬಿಳಿಚಿದ ಎಲೆ ನೋಡದಿದ್ದರೆ ಇದನ್ನೆಲ್ಲ ಮತ್ತೆ ತೆಗೆದು ಓದುತ್ತಲೇ ಇರಲಿಲ್ಲ.

ಗೌಡ್ರಿಗೆ ಪುಡಿ ಕೊಡಲಿಲ್ಲ. ರೋಗ ಬಂದ ಬುಡಗಳನ್ನು ಮಣ್ಣು ಸಮೇತ ಕೀಳಿಸಿ, ಗುಂಡಿಗೆ ಬ್ಲೀಚಿಂಗ್ ಪೌಡರ್ ಹಾಕಿಸಿದೆವು. ಆ ಬಡ್ಡಿನ ನೀರು ಬೇರೆಯದಕ್ಕೆ ಹರಿಯದ ಹಾಗೆ ಬಸಿಗಾಲುವೆ ತಿರುಗಿಸಿದೆವು. ಕಾಲುವೆ ವಿಷಯದಲ್ಲಿ ಮಾತ್ರ ಎರಡು ಥರದವಕ್ಕೂ ಒಂದೇ ಮದ್ದು, ಯಾಕೆಂದರೆ ಎರಡೂ ನೀರಿನಲ್ಲಿ ಈಜುತ್ತವೆ. ದುಂಡಾಣುವಿನ ಬಾಲ ಮೋಟರ್ ಥರ ಬುಡದಿಂದ ಗರಗರ ತಿರುಗುತ್ತದೆ. ಪಿಥಿಯಂ ಬೀಜಾಣುವಿನದು ಚಾಟಿಯ ಹಾಗೆ ಬಳುಕುತ್ತದೆ, ಅದೂ ಎರಡು ಬಾಲ. ಈ ಹೊಲದ ಗೆಡ್ಡೆ ಬಿತ್ತನೆಗೆ ಇಡಬೇಡಿ, ಮುಂದೆ ಇಲ್ಲಿ ಆಲೂಗಡ್ಡೆ, ಟೊಮೆಟೊ, ಬದನೆ ಬೇಡ, ರಾಗಿ ಅಥವಾ ಮುಸುಕಿನ ಜೋಳ ಹಾಕಿ ಅಂದೆ. ಅರ್ಧ ಹೊಲ ಹೋಯಿತು, ಅರ್ಧ ಉಳಿಯಿತು. ನನ್ನ ಎರಡು ಬಿಲ್ಲಿನ ದುಡ್ಡು ವಾಪಸ್ ಕೊಡಿ ಅಂತ ಅವರು ಕೇಳಲಿಲ್ಲ. ಕೇಳಿದ್ದರೆ ಸಂಬಳದಲ್ಲಿ ಕೊಡುವವಳಿದ್ದೆ.

ಈಗ ನನ್ನ ಕೌಂಟರಿನಲ್ಲಿ ಒಂದು ಗಾಜಿನ ಲೋಟ ಕಾಯಂ ಇದೆ. ಹುಡುಗರು ಅದರಲ್ಲಿ ಟೀ ಹಾಕದಿರಲಿ ಅಂತ ಅಂಚಿಗೆ ಕೆಂಪು ನೇಲ್ ಪಾಲಿಶ್ ಬಳಿದಿದ್ದೇನೆ. ಗಿಡ ತರದೆ ಬಂದವರಿಗೆ ಔಷಧಿ ಕೊಡುವುದಿಲ್ಲ. ಇದರಿಂದ ವ್ಯಾಪಾರ ಕಡಿಮೆ ಆಗುತ್ತೆ ಅಂತ ಯಜಮಾನ್ರು ಮೊದಲ ವರ್ಷ ಗೊಣಗಿದರು, ಈಗ ಅವರೇ ‘ಗಿಡ ಎಲ್ಲಿ?’ ಅಂತ ಕೇಳುತ್ತಾರೆ.

ಹೋದ ಮಳೆಗಾಲ ಗೌಡ್ರು ಬೇರೆ ಹೊಲದ ಶುಂಠಿ ಹಿಡಿದುಕೊಂಡು ಬಂದರು. ನಾನು ಲೋಟಕ್ಕೆ ಕೈ ಹಾಕುವ ಮೊದಲೇ, ‘ಮನೇಲೇ ನೋಡ್ದೆ ಕಣವ್ವ, ಹತ್ತು ನಿಮಿಷ ಕಾದೆ. ನೂಲು ಬರಲಿಲ್ಲ. ಇದು ತೊಟ್ಟಿ ಮನೆಯೋನು ಇರಬೇಕು’ ಅಂದರು.

‘ಎಳೆದ್ರೆ ತೆಂಡೆ ಕಿತ್ತು ಬಂತಾ ಗೌಡ್ರೇ?’

‘ಬಂತು. ನಾತಾನೂ ಬಂತು.’

ಆದರೂ ಒಂದು ಸಲ ಲೋಟದಲ್ಲಿ ಇಟ್ಟು ನೋಡಿದೆ. ನೀರು ತಿಳಿಯಾಗಿಯೇ ಇತ್ತು. ಮೆಟಲಾಕ್ಸಿಲ್ ಬಿಲ್ ಬರೆದೆ.