ಎಳ್ಳುಬೆಲ್ಲ ಮತ್ತು ಕೇಸರಿ ತುದಿಯ ಪೆನ್ನು

ಮಂಡ್ಯ, 13 ಜನವರಿ 2025, ಸೋಮವಾರ

ನಾಳೆ ಸಂಕ್ರಾಂತಿ. ಊರಿಗೆಲ್ಲ ಎಳ್ಳು ಬೀರುವ ಸಡಗರ, ನನಗೆ ಎದೆ ಢವಢವ. ಮಗಳ ಸ್ಕೂಲಿನಲ್ಲಿ ಇವತ್ತೇ ಹಬ್ಬ ಮಾಡಿದರು. ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆ ಎಲ್ಲ ಸರಿ. ಆದರೆ ಕಡ್ಲೆಬೀಜ ಹಾಕದ ಎಳ್ಳುಬೆಲ್ಲ ನಮ್ಮ ಕಡೆ ಎಲ್ಲಿದೆ? ಅವಳಿಗೆ ಆಗದೇ ಇರೋದೇ ಕಡ್ಲೆಬೀಜ.

ಹೋದ ವರ್ಷ ನೆಂಟರ ಮನೆಯಲ್ಲಿ ಒಂದು ಚಮಚ ಚಟ್ನಿಪುಡಿಗೇ ತುಟಿ ಊದಿ, ಉಸಿರು ಸುಯ್ ಅನ್ನತೊಡಗಿತ್ತು. 'ಏನಾಗಲ್ಲ ಬಿಡಮ್ಮ, ಅಲರ್ಜಿ ಮಾತ್ರೆ ಕೊಡು' ಅಂದರು ಅತ್ತೆ. ನಾನೂ ಕೊಟ್ಟು ಕಾಯುತ್ತಾ ಕೂತೆ. ಆಸ್ಪತ್ರೆಯಲ್ಲಿ ತೊಡೆಗೆ ಅಡ್ರಿನಲಿನ್ ಅನ್ನೋ ಔಷಧಿ ಚುಚ್ಚಿದ ಮೇಲೇ ಅವಳು ಸರಿಯಾಗಿ ಉಸಿರಾಡಿದ್ದು. ಮಾತ್ರೆ ತುರಿಕೆ ಇಳಿಸುತ್ತದೆ, ಕಟ್ಟಿಕೊಂಡ ಗಂಟಲು ಬಿಡಿಸುವುದಿಲ್ಲ. ಆ ಕಾದ ಹೊತ್ತಿಗೆ ನನ್ನನ್ನು ನಾನು ಇನ್ನೂ ಬೈದುಕೊಳ್ಳುತ್ತೇನೆ.

ಅದಕ್ಕೇ ಬೆಳಗ್ಗೆ ಬೇಗ ಹೋಗಿ ಕ್ಲಾಸ್ ಮಿಸ್‌ಗೆ ಪೆನ್ ತೋರಿಸಿದೆ. ಬರೆಯೋ ಪೆನ್ನಲ್ಲ, ಅದೇ ಅಡ್ರಿನಲಿನ್ ತುಂಬಿದ, ಪೆನ್ನಿನಂಥ ಇಂಜೆಕ್ಷನ್. ಇಲ್ಲಿ ಎಷ್ಟು ಮೆಡಿಕಲ್ ಸ್ಟೋರ್ ಸುತ್ತಿದರೂ ನನಗೆ ಸಿಗಲಿಲ್ಲ, ಅಮೆರಿಕದಿಂದ ತಮ್ಮ ಎರಡು ತಂದಿದ್ದ. 0.15 ಮಿಲಿಗ್ರಾಂನದು, ಅವಳ 22 ಕೆಜಿ ತೂಕಕ್ಕೆ ಡಾಕ್ಟರ್ ಹೇಳಿದ್ದು. ಜೊತೆಗೆ ಸೂಜಿಯಿಲ್ಲದ, ಕಲಿಯುವ ಪೆನ್ನೂ ಇದೆ. ಮಿಸ್ ಅದನ್ನು ತಗೊಂಡು, ಬಾಲ್‌ಪೆನ್ ಒತ್ತುವ ಹಾಗೆ ಹೆಬ್ಬೆರಳನ್ನು ಕೇಸರಿ ತುದಿ ಮೇಲಿಟ್ಟರು. ಅಯ್ಯೋ, ನಿಜವಾದ ಪೆನ್ನಲ್ಲಿ ಸೂಜಿ ಬರೋದೇ ಅಲ್ಲಿಂದ! 'ಮುಷ್ಟಿಯಲ್ಲಿ ಹಿಡೀರಿ ಮಿಸ್' ಅಂದೆ. ನೀಲಿ ಮುಚ್ಚಳ ಕಿತ್ತು, ತೊಡೆಯ ಹೊರಬದಿಗೆ ಟಕ್ ಅನ್ನುವಷ್ಟು ಒತ್ತಿ, ಮೂರು ಎಣಿಸಬೇಕು. ಲಂಗದ ಮೇಲೇ ಚುಚ್ಚಬಹುದು. ಆಮೇಲೆ 108ಕ್ಕೆ ಫೋನ್. ಮಲಗಿಸಿ ಕಾಲು ಎತ್ತರಿಸಬೇಕು, ಉಸಿರು ಕಷ್ಟವಾದರೆ ಕೂರಿಸಬೇಕು, ಎದ್ದು ಓಡಾಡಲು ಬಿಡಬಾರದು. ಐದು ನಿಮಿಷವಾದರೂ ಸುಧಾರಿಸದಿದ್ದರೆ ಎರಡನೇ ಪೆನ್.

'ಸುಮ್ನೆ ಚುಚ್ಚಿಬಿಟ್ರೆ ಏನಾದ್ರೂ ಆಗಲ್ವಾ?' ಮಿಸ್ ದನಿ ಸಣ್ಣಗಾಗಿತ್ತು. ಎದೆ ಬಡಿದುಕೊಳ್ಳುತ್ತೆ, ಕೈ ನಡುಗುತ್ತೆ, ಸ್ವಲ್ಪ ಹೊತ್ತಿಗೆ ಇಳಿಯುತ್ತೆ, ತಡ ಮಾಡೋದೇ ಜಾಸ್ತಿ ಅಪಾಯ ಅಂದೆ. ಮತ್ತೆ ಎರಡು ಸಲ ಅಭ್ಯಾಸ ಮಾಡಿದರು.

ಪೆನ್ ಇಡುವ ಜಾಗಕ್ಕೇ ಜಗ್ಗಾಟ. ಆಫೀಸಿನ ಬೀರುವಿನಲ್ಲಿ ಬೀಗ ಹಾಕಿ ಇಡೋಣ ಅಂದರು. ಬೀಗದಕೈ ಹಿಡಿದವರು ಊಟಕ್ಕೆ ಹೋಗಿದ್ದರೆ? ಫ್ರಿಜ್ಜೂ ಬೇಡ, ಬಿಸಿಲು ಬೀಳುವ ಕಿಟಕಿಯೂ ಬೇಡ, ಕೈಗೆ ಸಿಗುವ ಹಾಗಿರಲಿ ಅಂತ ಕೇಳಿಕೊಂಡು ಬಂದೆ. ಒಪ್ಪಿದರೋ ಇಲ್ಲವೋ ತಿಳಿಯಲಿಲ್ಲ. ಇಡೀ ಮಧ್ಯಾಹ್ನ ಫೋನ್ ನೋಡುತ್ತಾ ಕೂತಿದ್ದೆ.

ಸಂಜೆ ಮಗಳು ನಾನೇ ಕೊಟ್ಟು ಕಳಿಸಿದ್ದ ಸಕ್ಕರೆ ಅಚ್ಚಿನ ಗಿಳಿಯ ಬಾಲ ಕಚ್ಚುತ್ತಾ ಬಂದಳು. 'ಅಮ್ಮಾ, ಮಿಸ್ ನನ್ನ ಪೆನ್ ಚೀಲನ ಹೆಗಲಿಗೆ ಹಾಕ್ಕೊಂಡೇ ಡ್ಯಾನ್ಸ್ ಮಾಡಿಸಿದ್ರು' ಅಂದಳು.